ಸುರಕ್ಷಿತ ಲೈಂಗಿಕ ನಡೆವಳಿಕೆಯೂ ಸಾಮಾಜಿಕ ಸನ್ನಿವೇಶವೂ: ಕರ್ನಾಟಕದ ಲೈಂಗಿಕ ಅಲ್ಪಸಂಖ್ಯಾತರನ್ನು ಕುರಿತು ಒಂದು ವಿವೇಚನೆ

ಆರೋಗ್ಯಶಿಕ್ಷಣದ ವಿಷಯ ಚರ್ಚೆಗೆ ಬಂದಾಗಲೆಲ್ಲ ನಮ್ಮ ವಿಭಾಗದ ವಿದ್ಯಾರ್ಥಿಗಳು ಒಂದು ಪ್ರಶ್ನೆಯನ್ನು ಎತ್ತುವುದುಂಟು. ಎಚ್.ಐ.ವಿ. ರೋಗಾಣು ಹೇಗೆ ಹರಡುತ್ತದೆಂಬುದು ಈಗ ಬಹುಮಂದಿಗೆ ತಿಳಿದಿರುವ ಸಂಗತಿ. ಅದನ್ನು ತಡೆಯಬಲ್ಲ ಕಾಂಡೋಮು ಸರ್ಕಾರಿ ಆಸ್ಪತ್ರೆಗಳಲ್ಲಿ ಬೆಲೆಯಿಲ್ಲದೆ ದೊರೆಯುತ್ತದೆ. ಹೀಗಿದ್ದರೂ ಅದನ್ನು ಬಳಸದವರು ಇರುವುದೇಕೆ? ಪ್ರಶ್ನೆ ಸಹಜವಾದುದೇ. ಆದರೆ ಅದನ್ನು ಕೇಳುವ ರೀತಿಯಲ್ಲಿಯೇ ಒಂದು ಉತ್ತರವೂ ಅಡಗಿಕೊಂಡಿರುತ್ತದೆ. ತಿಳಿದೂ ಮಾಡದವನು ಉದಾಸೀನನು, ಇಲ್ಲವೆ ಅವಿವೇಕಿ, ಎಂಬುದೇ ಆ ಉತ್ತರ. ಪ್ರಕೃತ ಲೇಖನದಲ್ಲಿ ನಾವು ಹೇಳಹೊರಟಿರುವುದು ಇದಕ್ಕೆ ಬೇರೆಯಾದ ಮಾತು. ಇಬ್ಬರು ಕೂಡುವಾಗ ಕಾಂಡೋಮು ಬಳಕೆಯಾಗುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಅವರು ಕೂಡುವುದಕ್ಕೆ ಮೊದಲೇ, ಅವರ ಇಚ್ಛೆಗೆ ಹೊರಗಾದ ಸಂಗತಿಗಳಿಂದ ತೀರ್ಮಾನವಾಗಿರುತ್ತದೆ. ಕೂಡುವ ಸ್ಥಳ ಯಾವುದು, ಅಲ್ಲಿ ಎಷ್ಟು ಹೊತ್ತು ನಿಲ್ಲಬಹುದು, ಜೇಬಿನಲ್ಲಿ ಕಾಂಡೋಮು ಇಟ್ಟುಕೊಂಡು ಓಡಾಡುವುದು ಅಪಾಯವೋ ಅಲ್ಲವೋ, ಅಂದಿನ ಊಟಕ್ಕೆ ಹಣವಿದೆಯೋ ಇಲ್ಲವೋ — ಇವೇ ಆ ಸಂಗತಿಗಳು. ಕರ್ನಾಟಕದ, ಅದರಲ್ಲಿಯೂ ಬೆಂಗಳೂರಿನ, ಕಳೆದ ಇಪ್ಪತ್ತೈದು ವರ್ಷಗಳ ಅನುಭವ ಈ ಮಾತಿಗೆ ಸಾಕಷ್ಟು ಆಧಾರವನ್ನು ಒದಗಿಸುತ್ತದೆ.

ಮೊದಲು ಪದಗಳ ವಿಚಾರ. ‘ಲೈಂಗಿಕ ಅಲ್ಪಸಂಖ್ಯಾತರು’ ಎಂಬ ಮಾತು ನಮ್ಮಲ್ಲಿ ಬಳಕೆಗೆ ಬಂದುದು ಈಚೆಗೆ. ನಾಗರಿಕ ಸ್ವಾತಂತ್ರ್ಯಗಳ ಜನತಾ ಸಂಘಟನೆಯ ಕರ್ನಾಟಕ ಶಾಖೆ ೨೦೦೧ರಲ್ಲಿ ಬೆಂಗಳೂರನ್ನು ಕುರಿತು ಪ್ರಕಟಿಸಿದ ಸತ್ಯಶೋಧನಾ ವರದಿಯ ಹೆಸರಿನಲ್ಲಿಯೇ ಇದಕ್ಕೆ ಸಮಾನವಾದ ಇಂಗ್ಲಿಷ್ ಪದವಿತ್ತು. ತರುವಾಯ ಕನ್ನಡದಲ್ಲಿ ಅದು ನೆಲೆಗೊಂಡಿತು. ಆ ಒಂದು ಪದದ ಕೆಳಗೆ ಹಲವು ಬಗೆಯ ಜನರು ಸೇರುತ್ತಾರೆ. ಗುರು-ಚೇಲಾ ಪರಂಪರೆಯಲ್ಲಿ ಮನೆತನಗಳಾಗಿ ಬದುಕುವ ಹಿಜಡಾ ಸಮುದಾಯದವರು, ಸವದತ್ತಿಯ ಎಲ್ಲಮ್ಮನಿಗೆ ಮುಡಿಪಾದ ಜೋಗಪ್ಪಗಳು, ಪುರುಷರನ್ನು ಪ್ರೀತಿಸುವ ಪುರುಷರು, ಸ್ತ್ರೀಯರನ್ನು ಪ್ರೀತಿಸುವ ಸ್ತ್ರೀಯರು, ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳುವವರು — ಇವರೆಲ್ಲರ ಬದುಕೂ ಒಂದೇ ಅಲ್ಲ, ಇವರಿಗೆ ಒದಗುವ ಅಪಾಯವೂ ಒಂದೇ ಅಲ್ಲ. ಪುರುಷರಲ್ಲಿ ಹೆಣ್ಣಿನ ಸ್ವಭಾವವುಳ್ಳವರು ತಮ್ಮನ್ನು ‘ಕೋಥಿ’ ಎಂದೂ, ತಮ್ಮೊಡನೆ ಕೂಡುವ ಗಂಡಸನ್ನು ‘ಪಂಥಿ’ ಎಂದೂ, ಎರಡು ಬಗೆಯಲ್ಲಿಯೂ ವರ್ತಿಸುವವರನ್ನು ‘ಡಬಲ್ ಡೆಕ್ಕರ್’ ಎಂದೂ ಕರೆಯುವುದು ರೂಢಿ. ಮೊದಲನೆಯ ಪದವನ್ನು ಮಹಾಪ್ರಾಣವಿಲ್ಲದೆ ಬರೆದರೆ ಕನ್ನಡದಲ್ಲಿ ಅರ್ಥವೇ ಕೆಟ್ಟುಹೋಗುತ್ತದೆ. ಅಚ್ಚಿನ ಮನೆಯವರು ಇದನ್ನು ಗಮನಿಸುವುದು ಒಳ್ಳೆಯದು.

ಅಪಾಯದ ಪ್ರಮಾಣ ಎಷ್ಟೆಂಬುದನ್ನು ಎರಡು ಅಂಕಿಗಳು ತಿಳಿಸುತ್ತವೆ. ೨೦೨೧ರ ಅಂದಾಜಿನಂತೆ ಭಾರತದ ವಯಸ್ಕರಲ್ಲಿ ಎಚ್.ಐ.ವಿ. ಸೋಂಕುಳ್ಳವರು ನೂರಕ್ಕೆ ೦.೨೧ರಷ್ಟು. ಅದೇ ವರ್ಷದ ರಾಷ್ಟ್ರೀಯ ಕಾವಲು ಸಮೀಕ್ಷೆಯಲ್ಲಿ ಪುರುಷರೊಡನೆ ಸಂಪರ್ಕವುಳ್ಳ ಪುರುಷರಲ್ಲಿ ಅದು ನೂರಕ್ಕೆ ೩.೨೬, ಹಿಜಡಾ ಮತ್ತು ಲಿಂಗಪರಿವರ್ತಿತ ಸಮುದಾಯದವರಲ್ಲಿ ೩.೭೮. ಈ ಅಂತರಕ್ಕೆ ಶರೀರಶಾಸ್ತ್ರದ ಕಾರಣವೊಂದಿದೆಯೆಂಬುದನ್ನು ಮರೆಮಾಡಬೇಕಾಗಿಲ್ಲ. ರಕ್ಷಣೆಯಿಲ್ಲದ ಹತ್ತು ಸಾವಿರ ಸಂಪರ್ಕಗಳಲ್ಲಿ, ಸೋಂಕುಳ್ಳವನನ್ನು ಯೋನಿಮಾರ್ಗವಾಗಿ ಕೂಡುವ ಸ್ತ್ರೀಗೆ ಸೋಂಕು ತಗಲುವ ಸಂಭವ ಸುಮಾರು ೮ ಸಲವಾದರೆ, ಗುದಮಾರ್ಗವಾಗಿ ಕೂಡಿಸಿಕೊಳ್ಳುವವರಿಗೆ ಸುಮಾರು ೧೩೮ ಸಲ. ಗುದದ ಒಳಪೊರೆ ತೆಳುವಾದುದು, ಬೇಗ ಹರಿಯತಕ್ಕದ್ದು. ಆದರೆ ಶರೀರರಚನೆ ಎಲ್ಲ ದೇಶಗಳಲ್ಲಿಯೂ ಒಂದೇ ಆಗಿರುವಾಗ, ಸೋಂಕಿನ ಪ್ರಮಾಣ ದೇಶದಿಂದ ದೇಶಕ್ಕೆ, ಒಂದೇ ನಗರದಲ್ಲಿ ವರ್ಗದಿಂದ ವರ್ಗಕ್ಕೆ, ಬೇರೆಬೇರೆಯಾಗಿರುವುದನ್ನು ಅದೊಂದರಿಂದಲೇ ವಿವರಿಸಲಾಗುವುದಿಲ್ಲ. ಉಳಿದ ಕಾರಣಗಳನ್ನು ಹುಡುಕುವುದು ಸಮಾಜಶಾಸ್ತ್ರದ ಕೆಲಸ.

ಕಾಂಡೋಮಿನ ಚರಿತ್ರೆಯಿಂದಲೇ ತೊಡಗಬಹುದು. ಲೈಂಗಿಕ ಸಂಪರ್ಕವನ್ನು ಬಿಡದೆಯೇ ರೋಗವನ್ನು ತಡೆಯಬಹುದೆಂಬ ವಿಚಾರಕ್ಕೆ ಮೊದಲು ಸ್ಪಷ್ಟವಾದ ರೂಪ ಕೊಟ್ಟವರಲ್ಲಿ ನ್ಯೂಯಾರ್ಕಿನ ಸಲಿಂಗಕಾಮಿ ಪುರುಷರು ಮುಖ್ಯರು. ೧೯೮೩ರಲ್ಲಿ ರಿಚರ್ಡ್ ಬರ್ಕೊವಿಟ್ಜ್ ಮತ್ತು ಮೈಕೆಲ್ ಕ್ಯಾಲೆನ್ ಎಂಬಿಬ್ಬರು ತಮ್ಮ ವೈದ್ಯರಾದ ಜೋಸೆಫ್ ಸೊನ್ನಬೆಂಡರ ನೆರವಿನಿಂದ ಒಂದು ಕಿರುಹೊತ್ತಗೆಯನ್ನು ಹೊರತಂದರು. ಏಡ್ಸ್ ರೋಗಕ್ಕೆ ಈ ರೋಗಾಣುವೇ ಕಾರಣವೆಂದು ವಿಜ್ಞಾನವಿನ್ನೂ ನಿರ್ಣಯಿಸದಿದ್ದ ಕಾಲ ಅದು. ರೋಗಕ್ಕೆ ತುತ್ತಾಗಿದ್ದ ಜನರೇ ತಮ್ಮವರಿಗಾಗಿ, ತಮ್ಮ ಮಾತಿನಲ್ಲಿ, ತಮಗೆ ಎಟುಕುವ ಉಪಾಯವನ್ನು ಹೇಳಿಕೊಂಡರೆಂಬುದು ಇಲ್ಲಿ ಗಮನಿಸತಕ್ಕ ಅಂಶ.

ಭಾರತಕ್ಕೆ ಕಾಂಡೋಮು ಬಂದ ದಾರಿ ಇದಲ್ಲ. ಕೇಂದ್ರ ಸರ್ಕಾರ ೧೯೬೮ರಲ್ಲಿ ‘ನಿರೋಧ್’ ಎಂಬ ಹೆಸರಿನಿಂದ ಅದನ್ನು ಅಗ್ಗದ ಬೆಲೆಗೆ ಮಾರಲು ತೊಡಗಿದುದು ಕುಟುಂಬ ಯೋಜನೆಗಾಗಿ. ಗೋಡೆಯ ಮೇಲಿನ ಚಿತ್ರದಲ್ಲಿ ಗಂಡ, ಹೆಂಡತಿ, ಎರಡು ಮಕ್ಕಳು. ನಿರೋಧ್ ಎಂದರೆ ಮಕ್ಕಳಾಗದಂತೆ ತಡೆಯುವ ಸಾಧನವೆಂಬ ಅರ್ಥ ಹಳ್ಳಿಹಳ್ಳಿಗೂ ಹಬ್ಬಿತು. ೧೯೮೬ರಲ್ಲಿ ಚೆನ್ನೈಯಲ್ಲಿ ಎಚ್.ಐ.ವಿ. ಮೊದಲು ಪತ್ತೆಯಾದುದು ಲೈಂಗಿಕ ವೃತ್ತಿಯ ಸ್ತ್ರೀಯರ ರಕ್ತದಲ್ಲಿ. ಆಮೇಲೆ ಬಂದ ಎಚ್ಚರಿಕೆಯ ಮಾತುಗಳೆಲ್ಲ ಬಹುಮಟ್ಟಿಗೆ ‘ಪರಸ್ತ್ರೀ’ಯನ್ನೇ ಅಪಾಯದ ಮೂಲವೆಂದು ತೋರಿಸಿದುವು. ಇವೆರಡನ್ನೂ ಕೇಳಿ ಬೆಳೆದ ಯುವಕನೊಬ್ಬನು ಇನ್ನೊಬ್ಬ ಪುರುಷನೊಡನೆ ಕೂಡುವಾಗ ಏನೆಂದು ತರ್ಕಿಸಿಯಾನು? ಇಲ್ಲಿ ಗರ್ಭದ ಭಯವಿಲ್ಲ. ಇಲ್ಲಿ ಹೆಂಗಸೂ ಇಲ್ಲ. ಆದುದರಿಂದ ನಿರೋಧ್ ಬೇಡ. ಪುರುಷರೊಡನೆ ಕೂಡಿದರೆ ರೋಗ ಬಾರದೆಂಬ ನಂಬಿಕೆ ನಮ್ಮ ದೇಶದ ಹಲವೆಡೆ ಇದ್ದುದನ್ನು ಕ್ಷೇತ್ರಕಾರ್ಯಕರ್ತರು ವರದಿಮಾಡಿದ್ದಾರೆ. ಅದನ್ನು ಅಜ್ಞಾನವೆಂದು ಕರೆಯುವುದು ಸುಲಭ. ನಮ್ಮ ದೃಷ್ಟಿಯಲ್ಲಿ ಅದು ಸರ್ಕಾರವೇ ಕಲಿಸಿದ ಪಾಠದಿಂದ ತೆಗೆದ ತರ್ಕಬದ್ಧವಾದ ತೀರ್ಮಾನ.

ಇದರೊಡನೆ ಸೇರಿದ ಇನ್ನೊಂದು ಸಣ್ಣ ಸಂಗತಿಯೂ ಉಂಟು. ಗುದಮಾರ್ಗದಲ್ಲಿ ಸ್ವಾಭಾವಿಕವಾದ ಜಾರಿಕೆ ಇಲ್ಲದಿರುವುದರಿಂದ, ನೀರಿನ ಆಧಾರದ ಜಾರುದ್ರವವನ್ನು ಹಚ್ಚದಿದ್ದರೆ ಕಾಂಡೋಮು ಹರಿಯುವ ಸಂಭವ ಹೆಚ್ಚು. ಮನೆಯಲ್ಲಿ ಸಿಗುವ ಕೊಬ್ಬರಿ ಎಣ್ಣೆಯನ್ನಾಗಲಿ ವ್ಯಾಸಲೀನನ್ನಾಗಲಿ ಹಚ್ಚಿದರೆ ರಬ್ಬರು ಬೇಗ ದುರ್ಬಲವಾಗುತ್ತದೆ. ದಂಪತಿಗಳಿಗಾಗಿ ಹಂಚಿದ ನಿರೋಧಿನ ಜೊತೆಯಲ್ಲಿ ಇಂತಹ ದ್ರವವನ್ನು ಬೇರೆಯಾಗಿ ಕೊಡುವ ಪದ್ಧತಿ ಇರಲಿಲ್ಲ. ಔಷಧದ ಅಂಗಡಿಯಲ್ಲಿ ಅದರ ಬೆಲೆ ಕೂಲಿಯವನಿಗೆ ಎಟುಕುವಂಥದಲ್ಲ, ಕೇಳುವುದಕ್ಕೆ ಬಾಯಿಯೂ ಬರುವುದಿಲ್ಲ. ಹೀಗೆ ಬುದ್ಧಿವಂತಿಕೆಯಿಂದ ಕಾಂಡೋಮು ಬಳಸಿದವನು ಕೂಡ ಎಣ್ಣೆ ಹಚ್ಚಿ ಬಳಸಿ, ರಕ್ಷಣೆಯಿದೆಯೆಂಬ ಭ್ರಮೆಯಲ್ಲಿ ಸೋಂಕಿಗೆ ಗುರಿಯಾಗುವುದು ಸಾಧ್ಯವಾಯಿತು. ಸಾಧನವನ್ನು ಯಾರಿಗಾಗಿ ಕಲ್ಪಿಸಿಕೊಂಡು ಹಂಚಿದರೋ ಅವರಿಗೆ ಅದು ಒದಗುತ್ತದೆ. ಕಲ್ಪನೆಯೊಳಗೆ ಇಲ್ಲದವರಿಗೆ ಅರ್ಧ ಮಾತ್ರ ಒದಗುತ್ತದೆ.

ಇನ್ನು ಕಾನೂನು. ಭಾರತ ದಂಡಸಂಹಿತೆಯ ೩೭೭ನೆಯ ವಿಧಿ ೧೮೬೦ರಿಂದ ‘ನಿಸರ್ಗಕ್ಕೆ ವಿರುದ್ಧವಾದ’ ಸಂಭೋಗವನ್ನು ಅಪರಾಧವೆಂದು ಗಣಿಸಿತ್ತು. ಈ ವಿಧಿಯ ಮೇರೆಗೆ ಒಪ್ಪಿಗೆಯುಳ್ಳ ವಯಸ್ಕರಿಗೆ ಶಿಕ್ಷೆಯಾದ ಪ್ರಸಂಗಗಳು ವಿರಳವೆಂದು ಹೇಳಿ ಅದನ್ನು ನಿರುಪದ್ರವಿಯೆಂದು ವಾದಿಸಿದವರಿದ್ದಾರೆ. ಆದರೆ ಕಾನೂನು ಕೆಲಸ ಮಾಡುವುದು ನ್ಯಾಯಾಲಯದಲ್ಲಿ ಮಾತ್ರವಲ್ಲ. ೧೯೯೪ರಲ್ಲಿ ದೆಹಲಿಯ ತಿಹಾರ್ ಕಾರಾಗೃಹದಲ್ಲಿ ಕೈದಿಗಳಿಗೆ ಕಾಂಡೋಮು ಕೊಡಬೇಕೆಂಬ ಸಲಹೆ ಬಂದಾಗ ಅಧಿಕಾರಿಗಳು ನಿರಾಕರಿಸಿದರು. ಕೊಟ್ಟರೆ ಸಲಿಂಗಸಂಪರ್ಕಕ್ಕೆ ಪ್ರೋತ್ಸಾಹವಿತ್ತಂತಾಗುವುದೆಂಬುದು ಅವರ ಅಭಿಪ್ರಾಯ. ಏಡ್ಸ್ ಭೇದಭಾವ ವಿರೋಧಿ ಆಂದೋಲನವೆಂಬ ಸಂಘಟನೆ ೩೭೭ನೆಯ ವಿಧಿಯನ್ನು ಪ್ರಶ್ನಿಸಿ ದೆಹಲಿ ಉಚ್ಚ ನ್ಯಾಯಾಲಯದ ಮೊರೆಹೊಕ್ಕುದು ಈ ಪ್ರಸಂಗದಿಂದಲೇ. ೨೦೦೧ರ ಜುಲೈ ತಿಂಗಳಲ್ಲಿ ಲಖ್ನೋ ನಗರದಲ್ಲಿ ಪುರುಷರಿಗೆ ಎಚ್.ಐ.ವಿ. ತಿಳಿವಳಿಕೆ ಕೊಡುತ್ತಿದ್ದ ಎರಡು ಸಂಸ್ಥೆಗಳ ಕಾರ್ಯಕರ್ತರನ್ನು ಪೋಲೀಸರು ಬಂಧಿಸಿ, ಅವರ ಬೋಧನ ಸಾಮಗ್ರಿಯನ್ನೇ ಸಾಕ್ಷ್ಯವಾಗಿ ವಶಪಡಿಸಿಕೊಂಡರು; ಅವರು ನಲವತ್ತು ದಿನಗಳಿಗೂ ಹೆಚ್ಚು ಕಾಲ ಸೆರೆಮನೆಯಲ್ಲಿದ್ದರು. ಇಂತಹ ಸುದ್ದಿ ಒಂದೂರಿನಲ್ಲಿ ನಡೆದರೂ ನೂರು ಊರುಗಳಲ್ಲಿ ಕೇಳಿಸುತ್ತದೆ. ಕಾಂಡೋಮು ಹಂಚುವವನ ಕೈಚೀಲ ಅಂದಿನಿಂದ ಭಾರವಾಯಿತು.

ಸರ್ಕಾರದ ಎರಡು ಅಂಗಗಳು ಈ ವಿಷಯದಲ್ಲಿ ಎದುರುಬದುರಾಗಿ ನಿಂತುದು ನಮ್ಮ ಆಡಳಿತದ ಚರಿತ್ರೆಯಲ್ಲಿ ಒಂದು ವಿಚಿತ್ರ ಪ್ರಕರಣ. ನಾಜ್ ಫೌಂಡೇಶನ್ ಸಂಸ್ಥೆ ೨೦೦೧ರಲ್ಲಿ ದೆಹಲಿಯಲ್ಲಿ ಹೂಡಿದ ಮೊಕದ್ದಮೆಯಲ್ಲಿ ಗೃಹಖಾತೆ ೩೭೭ನೆಯ ವಿಧಿಯನ್ನು ಸಮರ್ಥಿಸಿ ಪ್ರಮಾಣಪತ್ರ ಸಲ್ಲಿಸಿತು. ಆರೋಗ್ಯಖಾತೆಗೆ ಸೇರಿದ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ೨೦೦೬ರಲ್ಲಿ ಅದೇ ನ್ಯಾಯಾಲಯಕ್ಕೆ ತದ್ವಿರುದ್ಧವಾದ ಮಾತನ್ನು ಹೇಳಿತು: ಪುರುಷರೊಡನೆ ಸಂಪರ್ಕವುಳ್ಳ ಪುರುಷರಲ್ಲಿ ಸೋಂಕು ನೂರಕ್ಕೆ ೮ರಷ್ಟಿದೆ, ಸಾಮಾನ್ಯ ಜನರಲ್ಲಿ ಒಂದಕ್ಕಿಂತ ಕಡಿಮೆ, ಈ ವಿಧಿಯ ಭಯದಿಂದ ಅವರು ಬೆಳಕಿಗೆ ಬರುತ್ತಿಲ್ಲ, ಅವರಲ್ಲಿಗೆ ತಲಪುವುದೇ ದುಸ್ತರವಾಗಿದೆ. ೨೦೦೯ರ ಜುಲೈ ೨ರಂದು ಉಚ್ಚ ನ್ಯಾಯಾಲಯ ಈ ಮಾತನ್ನು ಮನ್ನಿಸಿತು. ೨೦೧೩ರ ಡಿಸೆಂಬರ್ ೧೧ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿ, ೨೦೧೮ರ ಸೆಪ್ಟೆಂಬರ್ ೬ರಂದು ಐವರು ನ್ಯಾಯಾಧೀಶರ ಪೀಠದ ಮೂಲಕ ತನ್ನ ಆ ನಿರ್ಣಯವನ್ನು ತಾನೇ ರದ್ದುಪಡಿಸಿತು.

ಕಾನೂನು ಬೀದಿಗೆ ಇಳಿದಾಗ ಯಾವ ರೂಪ ತಾಳುತ್ತದೆಂಬುದಕ್ಕೆ ಬೆಂಗಳೂರಿಗೆ ಬರೋಣ. ಮೇಲೆ ಹೇಳಿದ ೨೦೦೧ರ ವರದಿಯಲ್ಲಿಯೂ, ಅದೇ ಸಂಘಟನೆ ಹಿಜಡಾ ಮತ್ತು ಕೋಥಿ ಲೈಂಗಿಕ ವೃತ್ತಿನಿರತರನ್ನು ಕುರಿತು ೨೦೦೩ರಲ್ಲಿ ಹೊರತಂದ ಇನ್ನೊಂದು ವರದಿಯಲ್ಲಿಯೂ ಪುನಃಪುನಃ ಕಾಣುವ ಚಿತ್ರವೊಂದಿದೆ. ಸಂಜೆಯಾದ ಮೇಲೆ ಉದ್ಯಾನದಲ್ಲಿ ಇಬ್ಬರು ಮಾತನಾಡುತ್ತ ನಿಂತಿರುತ್ತಾರೆ. ಪೋಲೀಸಿನವನು ಬರುತ್ತಾನೆ, ಮನೆಯ ವಿಳಾಸ ಕೇಳುತ್ತಾನೆ, ತಂದೆತಾಯಿಗಳಿಗೆ ತಿಳಿಸುತ್ತೇನೆಂದು ಬೆದರಿಸಿ ಕೈಗಡಿಯಾರವನ್ನೋ ಹಣವನ್ನೋ ಕಿತ್ತುಕೊಂಡು ಕಳುಹಿಸುತ್ತಾನೆ. ಠಾಣೆಯಲ್ಲಿ ದಾಖಲೆಯಿಲ್ಲ, ಮೊಕದ್ದಮೆಯಿಲ್ಲ. ಇಂತಹ ತಪಾಸಣೆಯಲ್ಲಿ ಜೇಬಿನಿಂದ ಹೊರಬೀಳುವ ಕಾಂಡೋಮು ತಪ್ಪಿಗೆ ಗುರುತಾಗಿ ಪರಿಣಮಿಸುತ್ತದೆ. ಅದನ್ನು ಇಟ್ಟುಕೊಂಡರೆ ಇಂದೇ ಒದೆ ಬೀಳಬಹುದು. ಇಟ್ಟುಕೊಳ್ಳದಿದ್ದರೆ ಹತ್ತು ವರ್ಷದ ಮೇಲೆ ರೋಗ ಕಾಣಿಸಬಹುದು. ಇವೆರಡರಲ್ಲಿ ಯಾವುದನ್ನು ಮನುಷ್ಯನು ಆರಿಸಿಕೊಳ್ಳುವನೆಂಬುದಕ್ಕೆ ಮನಶ್ಶಾಸ್ತ್ರದ ಪಾಂಡಿತ್ಯವೇನೂ ಬೇಕಾಗಿಲ್ಲ.

ಇವರು ಉದ್ಯಾನಕ್ಕೆ ಹೋಗುವುದೇಕೆಂದು ಕೇಳಬಹುದು. ಒಳಗಿನಿಂದ ಚಿಲಕ ಹಾಕಬಹುದಾದ ಕೋಣೆ ಇಲ್ಲದಿರುವುದೇ ಇದಕ್ಕೆ ಕಾರಣ. ನಮ್ಮ ನಗರಗಳಲ್ಲಿ ಒಂದೇ ಕೋಣೆಯಲ್ಲಿ ಐದಾರು ಮಂದಿ ಮಲಗುವ ಮನೆಗಳು ಸಹಸ್ರಾರು. ಮದುವೆಯಾದ ದಂಪತಿಗಳಿಗಾದರೂ ಮನೆಯವರು ಎದ್ದುಹೋಗಿ ಎಡೆಮಾಡಿಕೊಡುತ್ತಾರೆ. ಇವರಿಗೆ ಆ ಸೌಲಭ್ಯವಿಲ್ಲ. ಹಿಜಡಾ ಸಮುದಾಯದವರಿಗೆ ಮನೆ ಬಾಡಿಗೆಗೆ ಸಿಗುವುದೇ ಕಷ್ಟ. ಸಿಕ್ಕರೆ ಬಾಡಿಗೆ ಹೆಚ್ಚು. ೨೦೦೮ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಹಿಜಡಾರನ್ನು ಬಂಧಿಸಿ, ಅವರ ಪರವಾಗಿ ಠಾಣೆಗೆ ಹೋದವರನ್ನೂ ಬಂಧಿಸಿದ ಪ್ರಸಂಗದ ತರುವಾಯ, ಮನೆಯ ಮಾಲೀಕರು ಅವರನ್ನು ಖಾಲಿಮಾಡಿಸುವಂತೆ ಒತ್ತಡ ಬಂದಿತೆಂಬುದು ಆಗ ಬಹಿರಂಗವಾಗಿ ಚರ್ಚೆಗೊಂಡ ವಿಷಯ. ಮನೆ ಕಳೆದುಕೊಂಡವರು ಕತ್ತಲಿರುವ ಮೂಲೆಗೆ ಹೋಗುತ್ತಾರೆ. ಅಲ್ಲಿ ಒಂದು ಕಿವಿ ಸದಾ ಹೆಜ್ಜೆಯ ಸಪ್ಪಳದ ಕಡೆಗೆ. ಕೆಲವೇ ನಿಮಿಷಗಳ ಆ ಅವಸರದಲ್ಲಿ ಪೊಟ್ಟಣ ಬಿಚ್ಚಿ, ಸರಿಯಾಗಿ ತೊಡಿಸಿ, ದ್ರವ ಹಚ್ಚಿ ಎಂದು ಬೋಧಿಸುವ ಭಿತ್ತಿಪತ್ರ ಯಾರ ಮನೆಯ ಮಂಚವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದುದೋ! ಬೆಂಗಳೂರಿನ ‘ಹಮಾಮ್’ ಎಂಬ ಸ್ನಾನದಮನೆಗಳು, ಹಿಜಡಾರೇ ನಡೆಸುವ ಈ ಹಳೆಯ ನೆಲೆಗಳು, ವಾಸಕ್ಕೂ ವೃತ್ತಿಗೂ ಒಂದು ಗೋಡೆಯ ಆಸರೆಯನ್ನು ಕೊಟ್ಟಿದ್ದವು. ಅವುಗಳ ಮೇಲೆಯೂ ಪೋಲೀಸರ ದಾಳಿ ನಡೆಯುತ್ತಿತ್ತೆಂದು ೨೦೦೩ರ ವರದಿ ಹೇಳುತ್ತದೆ.

ಕರ್ನಾಟಕದ ಶಾಸನದಲ್ಲಿಯೇ ಇದ್ದ ಇನ್ನೊಂದು ಅಂಶವನ್ನು ಹೇಳದೆ ಬಿಡುವಂತಿಲ್ಲ. ೧೮೭೧ರ ಅಪರಾಧಿ ಬುಡಕಟ್ಟುಗಳ ಕಾಯಿದೆಯಲ್ಲಿ ‘ನಪುಂಸಕ’ರ ಹೆಸರು, ವಾಸಸ್ಥಳಗಳ ಪಟ್ಟಿಯನ್ನು ಇಡಬೇಕೆಂಬ ಭಾಗವೊಂದಿತ್ತು. ಆ ಕಾಯಿದೆ ಹೋಗಿ ಎಷ್ಟೋ ಕಾಲವಾದ ಮೇಲೆ, ೨೦೧೧ರಲ್ಲಿ, ಕರ್ನಾಟಕ ಪೋಲೀಸ್ ಕಾಯಿದೆಗೆ ೩೬-ಎ ಎಂಬ ಹೊಸ ವಿಧಿ ಸೇರಿತು. ಅದರ ಮಾತು ಹಳೆಯ ಕಾಯಿದೆಯ ಮಾತಿನ ಪ್ರತಿಧ್ವನಿಯಂತೆಯೇ ಇತ್ತು. ೨೦೧೪ರ ಏಪ್ರಿಲ್ ೧೫ರಂದು ಸರ್ವೋಚ್ಚ ನ್ಯಾಯಾಲಯ ಲಿಂಗಪರಿವರ್ತಿತರ ಸ್ವಯಂನಿರ್ಧಾರದ ಹಕ್ಕನ್ನು ಮಾನ್ಯಮಾಡಿದ ಮೇಲೆಯೂ ಇದು ಪುಸ್ತಕದಲ್ಲಿ ಉಳಿದಿತ್ತು. ಸಮುದಾಯದ ಸಂಘಟನೆ ಉಚ್ಚ ನ್ಯಾಯಾಲಯಕ್ಕೆ ಹೋದ ಮೇಲೆ ೨೦೧೬ರಲ್ಲಿ ಆ ಪದವನ್ನು ತೆಗೆದು ‘ವ್ಯಕ್ತಿಗಳು’ ಎಂದು ಬದಲಾಯಿಸಲಾಯಿತು. ಪೋಲೀಸರ ಪಟ್ಟಿಯಲ್ಲಿ ಹೆಸರು ಸೇರಬಹುದೆಂಬ ಅಂಜಿಕೆಯುಳ್ಳವರು ಆರೋಗ್ಯ ಕೇಂದ್ರದ ಪಟ್ಟಿಗೂ ಹೆಸರು ಕೊಡಲು ಹಿಂಜರಿಯುವುದು ಆಶ್ಚರ್ಯವಲ್ಲ. ೨೦೧೧ರ ಜನಗಣತಿಯಲ್ಲಿ ಗಂಡೂ ಹೆಣ್ಣೂ ಅಲ್ಲದ ‘ಇತರೆ’ ಎಂದು ಕರ್ನಾಟಕದಲ್ಲಿ ಎಣಿಕೆಯಾದವರು ೨೦,೨೬೬ ಮಂದಿ. ಎಣಿಕೆಗೆ ಸಿಕ್ಕದವರು ಎಷ್ಟೆಂದು ಹೇಳುವ ಅಂಕಿಯಿಲ್ಲ.

ಹಣದ ವಿಚಾರವನ್ನು ವಿಸ್ತರಿಸಬೇಕಾಗಿಲ್ಲ. ಮನೆಯಿಂದ ಹೊರಬಿದ್ದು, ಶಾಲೆಯನ್ನು ಅರ್ಧಕ್ಕೆ ಬಿಟ್ಟವರಿಗೆ ಭಿಕ್ಷೆ ಮತ್ತು ಲೈಂಗಿಕ ವೃತ್ತಿ ಇವೆರಡೇ ದಾರಿ ಉಳಿಯುವುದು ಸಾಮಾನ್ಯ. ಕಾಂಡೋಮು ಬೇಡವೆನ್ನುವ ಗಿರಾಕಿ ಹೆಚ್ಚು ಹಣ ಕೊಡುತ್ತಾನೆ. ಬೇಕೆನ್ನುವವರನ್ನು ಬಿಟ್ಟು ಪಕ್ಕದವರ ಬಳಿಗೆ ಹೋಗುತ್ತಾನೆ. ಆದರೆ ಹಣದ ಸಂಬಂಧವಿಲ್ಲದ ಕಡೆಯಲ್ಲಿಯೇ ಕಾಂಡೋಮು ಹೆಚ್ಚಾಗಿ ಕೈಬಿಡಲ್ಪಡುತ್ತದೆಂಬುದು ಮೇಲ್ನೋಟಕ್ಕೆ ವಿಚಿತ್ರವಾಗಿ ಕಾಣಬಹುದು. ಕೋಥಿಯು ತನ್ನ ಪಂಥಿಯನ್ನು ಗಂಡನೆಂದು ಭಾವಿಸುವುದುಂಟು. ಸಮಾಜ ಆ ದಾಂಪತ್ಯವನ್ನು ಒಪ್ಪುವುದಿಲ್ಲ. ಪಂಚರಿಲ್ಲ, ತಾಳಿಗೆ ಸಾಕ್ಷಿಯಿಲ್ಲ, ಪಡಿತರ ಚೀಟಿಯಲ್ಲಿ ಜೊತೆಯಾಗಿ ಹೆಸರಿಲ್ಲ. ಹೀಗಿರುವಲ್ಲಿ ಆ ಸಂಬಂಧ ನಿಜವಾದುದೆಂಬುದಕ್ಕೆ ಉಳಿಯುವ ಗುರುತು ಒಂದೇ: ಬೇರೆಯವರೊಡನೆ ಬಳಸುವ ಕಾಂಡೋಮನ್ನು ಇವನೊಡನೆ ಬಳಸದಿರುವುದು. ‘ನನ್ನ ಮೇಲೆ ಅನುಮಾನವೇ?’ ಎಂದು ಅವನು ಕೇಳಿದರೆ ಉತ್ತರ ಹೇಳುವುದು ಕಷ್ಟ. ಗಂಡುತನದ ಪಾತ್ರ ಅವನದು, ತೀರ್ಮಾನವೂ ಅವನದೇ. ಅನೇಕವೇಳೆ ಅವನಿಗೆ ಊರಿನಲ್ಲಿ ಹೆಂಡತಿ ಇರುತ್ತಾಳೆ; ಕೋಥಿಗಳಲ್ಲಿಯೂ ತಂದೆತಾಯಿಗಳ ಒತ್ತಾಯಕ್ಕೆ ಮದುವೆಯಾದವರು ಬಹಳ. ಮನೆಯಲ್ಲಿ ಮಗುವಿಗಾಗಿ ಕಾದಿರುವಾಗ ಹೆಂಡತಿಯೊಡನೆ ಕಾಂಡೋಮು ಬಳಸಲು ನೆವ ಹೇಳುವುದೆಂತು? ಈ ಸರಪಣಿಯ ಕೊನೆಯಲ್ಲಿ ನಿಂತಿರುವ ಆ ಸ್ತ್ರೀಗೆ ಸರಪಣಿ ಇರುವುದೇ ತಿಳಿಯದು.

ಆಸ್ಪತ್ರೆಯ ಬಾಗಿಲಲ್ಲಿ ಇನ್ನೊಂದು ತಡೆ. ಗುದದ ಹುಣ್ಣನ್ನು ತೋರಿಸಬೇಕಾದರೆ ಅದು ಹೇಗೆ ಬಂದಿತೆಂಬುದನ್ನೂ ಹೇಳಬೇಕು. ಗಂಡಸರ ಸಾಲಿನಲ್ಲಿ ನಿಲ್ಲಬೇಕೋ ಹೆಂಗಸರ ಸಾಲಿನಲ್ಲೋ ಎಂಬಲ್ಲಿಯೇ ಹಿಜಡಾರಿಗೆ ಅವಮಾನ ತೊಡಗುತ್ತದೆ. ಚಿಕಿತ್ಸೆಯಾಗದೆ ಉಳಿದ ಹುಣ್ಣು ಎಚ್.ಐ.ವಿ.ಗೆ ಬಾಗಿಲು ತೆರೆಯುತ್ತದೆಂಬುದು ವೈದ್ಯರಿಗೆ ತಿಳಿದಿದೆ. ರೋಗಿಯ ಮುಖ ನೋಡಿ ನಕ್ಕ ಸಿಬ್ಬಂದಿಗೆ ಅದು ತಿಳಿದಿದೆಯೋ ಇಲ್ಲವೋ.

ಉತ್ತರ ಕರ್ನಾಟಕದ ಜೋಗಪ್ಪಗಳ ಪರಿಸ್ಥಿತಿ ಇದಕ್ಕಿಂತ ಬೇರೆ. ಅವರಿಗೆ ಸಮಾಜದಲ್ಲಿ ಒಂದು ಮರ್ಯಾದೆಯ ಸ್ಥಾನವುಂಟು. ಜನರು ಅವರ ಕಾಲಿಗೆರಗಿ ಆಶೀರ್ವಾದ ಬೇಡುತ್ತಾರೆ. ಜೋಗತಿ ಪರಂಪರೆಯಿಂದ ಬಂದ ಮಂಜಮ್ಮ ಜೋಗತಿಯವರಿಗೆ ೨೦೨೧ರಲ್ಲಿ ಪದ್ಮಶ್ರೀ ಸಂದುದು ನಾಡಿಗೆಲ್ಲ ತಿಳಿದಿದೆ. ಆದರೆ ಆ ಮರ್ಯಾದೆಗೆ ಒಂದು ಬೆಲೆಯಿದೆ. ದೇವಿಗೆ ಮೀಸಲಾದವರು ಮಡಿಯಿಂದಿರಬೇಕೆಂದು ಭಕ್ತರು ನಿರೀಕ್ಷಿಸುತ್ತಾರೆ. ಆದಕಾರಣ ಲೈಂಗಿಕ ಸಂಬಂಧವಿದ್ದರೆ ಅದು ಬಾಯಿಬಿಟ್ಟು ಹೇಳಲಾಗದ ವಿಷಯ. ಹೇಳಲಾಗದ ವಿಷಯಕ್ಕೆ ಕಾಂಡೋಮು ಬೇಡುವುದೆಂತು? ಅವಮಾನ ಮಾತ್ರವೇ ಜನರನ್ನು ಆರೋಗ್ಯ ಸೇವೆಯಿಂದ ದೂರವಿಡುತ್ತದೆಂದು ತಿಳಿದವರಿಗೆ ಈ ಉದಾಹರಣೆ ಯೋಚನೆಗೆಡೆಗೊಡುವಂಥದು. ಗೌರವವೂ ಅದೇ ಕೆಲಸವನ್ನು ಮಾಡಬಲ್ಲದು.

ಇಷ್ಟೆಲ್ಲ ತಡೆಗಳಿದ್ದರೂ ಪರಿಸ್ಥಿತಿ ಬದಲಾಯಿಸಲಾಗದುದೇನೂ ಅಲ್ಲ. ಬೆಂಗಳೂರಿನಲ್ಲಿ ಸಂಗಮ ಸಂಸ್ಥೆ ೧೯೯೯ರಲ್ಲಿ ಹುಟ್ಟಿತು. ೨೦೦೩ರಲ್ಲಿ ಅವಾಹನ್ ಎಂಬ ಯೋಜನೆ ಗೇಟ್ಸ್ ಪ್ರತಿಷ್ಠಾನದ ನೆರವಿನಿಂದ ದೇಶದ ಆರು ರಾಜ್ಯಗಳಲ್ಲಿ ತೊಡಗಿದಾಗ ಕರ್ನಾಟಕವೂ ಅವುಗಳಲ್ಲಿ ಒಂದಾಗಿತ್ತು. ಮೈಸೂರಿನಲ್ಲಿ ಸ್ತ್ರೀಯರು, ಪುರುಷರು, ಲಿಂಗಪರಿವರ್ತಿತರು ಮೂವರೂ ಸೇರಿದ ಲೈಂಗಿಕ ವೃತ್ತಿನಿರತರ ಅಶೋದಯ ಸಮಿತಿ ರೂಪುಗೊಂಡಿತು. ಇಂತಹ ಕಡೆಗಳಲ್ಲಿ ಕೆಲಸ ಸಾಗಿದ ಕ್ರಮ ವಿಚಾರಯೋಗ್ಯವಾದುದು. ಕಾಂಡೋಮಿನ ಉಪದೇಶಕ್ಕಿಂತ ಮೊದಲು ತೆರೆದುದು ಒಂದು ಕೋಣೆ: ಹಗಲು ಹೊತ್ತಿನಲ್ಲಿ ಬಂದು ಸ್ನಾನಮಾಡಲು, ಬಟ್ಟೆ ಒಗೆಯಲು, ಕನ್ನಡಿಯ ಮುಂದೆ ಸೀರೆ ಉಡಲು, ಮಲಗಿ ದಣಿವಾರಿಸಿಕೊಳ್ಳಲು. ಆ ಬಳಿಕ ಪೋಲೀಸರೊಡನೆ ಮಾತುಕತೆ. ಯಾರಿಗಾದರೂ ಏಟು ಬಿದ್ದರೆ ಅಥವಾ ಬಂಧನವಾದರೆ ಸಮುದಾಯದವರೇ, ವಕೀಲರೊಡನೆ, ಕೂಡಲೇ ಠಾಣೆಗೆ ಹೋಗುವ ಏರ್ಪಾಡು. ಕಾಂಡೋಮು ಹಂಚಿದವರೂ ಅವರೇ. ಹಿಂಸೆ ಕಡಿಮೆಯಾದ ಕಡೆ ಕಾಂಡೋಮಿನ ಬಳಕೆ ಏರುತ್ತದೆಂಬುದನ್ನು ಕರ್ನಾಟಕದಲ್ಲಿ ಲೈಂಗಿಕ ವೃತ್ತಿಯ ಸ್ತ್ರೀಯರಲ್ಲಿ ನಡೆದ ಅಧ್ಯಯನಗಳು ತೋರಿಸಿವೆ. ಉಳಿದವರ ವಿಷಯದಲ್ಲಿ ಇದು ಬೇರೆಯಾಗಿರುವುದಕ್ಕೆ ಕಾರಣ ಕಾಣುವುದಿಲ್ಲ. ಒಂದು ಆಕ್ಷೇಪವನ್ನೂ ಇಲ್ಲಿ ದಾಖಲಿಸಬೇಕು. ಯೋಜನೆಗಳಿಗೆ ವರ್ಷಾಂತ್ಯದಲ್ಲಿ ಲೆಕ್ಕ ಬೇಕು. ಹಂಚಿದ ಕಾಂಡೋಮುಗಳನ್ನು ಎಣಿಸುವುದು ಸುಲಭ, ಠಾಣೆಯಿಂದ ಬಿಡಿಸಿಕೊಂಡು ಬಂದ ರಾತ್ರಿಗಳನ್ನು ಎಣಿಸುವುದು ಕಷ್ಟ. ಕಾಲಕ್ರಮದಲ್ಲಿ ಎಣಿಕೆಗೆ ಸಿಗುವ ಕೆಲಸಕ್ಕೇ ಹಣ ಒದಗುವ ಅಪಾಯವಿದೆ.

ಶಾಸನದ ಕಡೆಯಿಂದಲೂ ನೆರವು ಬಂದಿದೆ. ೨೦೧೭ರ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆಯ ೨೨ನೆಯ ವಿಧಿ, ಸೋಂಕಿನ ಅಪಾಯವನ್ನು ತಗ್ಗಿಸುವ ಯಾವ ಉಪಾಯವೂ ಅಪರಾಧವೆನಿಸದೆಂದು ಸಾರಿ, ಪುರುಷರೊಡನೆ ಸಂಪರ್ಕವುಳ್ಳ ಪುರುಷನಿಗೆ ಕಾಂಡೋಮು ಕೊಡುವುದನ್ನೇ ಅದಕ್ಕೊಂದು ದೃಷ್ಟಾಂತವಾಗಿ ಕೊಟ್ಟಿದೆ. ಈ ಕಾಯಿದೆ ಜಾರಿಗೆ ಬಂದುದು ೨೦೧೮ರ ಸೆಪ್ಟೆಂಬರ್ ೧೦ರಂದು, ಸರ್ವೋಚ್ಚ ನ್ಯಾಯಾಲಯದ ತೀರ್ಪಿಗೆ ನಾಲ್ಕೇ ದಿನಗಳ ತರುವಾಯ. ಲಖ್ನೋದಲ್ಲಿ ಬಂಧಿತರಾದವರಿಗೆ ಇದು ಹದಿನೇಳು ವರ್ಷ ತಡವಾಗಿ ದೊರೆತ ರಕ್ಷಣೆ. ೨೦೨೧ರಲ್ಲಿ ಕರ್ನಾಟಕ ಸರ್ಕಾರ ಲಿಂಗಪರಿವರ್ತಿತರಿಗೆ ರಾಜ್ಯದ ನೌಕರಿಗಳಲ್ಲಿ ನೂರಕ್ಕೆ ಒಂದರಂತೆ ಸ್ಥಾನ ಮೀಸಲಿಟ್ಟಿತು. ಮೇಲೆ ಹೇಳಿದ ದೃಷ್ಟಿಯಿಂದ ನೋಡಿದರೆ ಇದು ಆರೋಗ್ಯಕ್ಕೆ ಸಂಬಂಧಿಸಿದ ಕ್ರಮವೇ ಸರಿ. ಆದರೆ ೨೦೨೪ರ ಜುಲೈ ೧ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ೩೭೭ನೆಯ ವಿಧಿ ಪೂರ್ತಿಯಾಗಿ ಬಿಟ್ಟುಹೋಗಿದೆ. ೨೦೧೮ರ ತೀರ್ಪು ಒಪ್ಪಿಗೆಯಿಲ್ಲದ ಕೃತ್ಯಗಳ ಮಟ್ಟಿಗೆ ಅದನ್ನು ಉಳಿಸಿತ್ತು. ಹೊಸ ಸಂಹಿತೆಯಲ್ಲಿ ವಯಸ್ಕ ಪುರುಷನ ಮೇಲೆ ನಡೆಯುವ ಬಲಾತ್ಕಾರಕ್ಕೆ ಅದರ ಸ್ಥಾನದಲ್ಲಿ ಬೇರೆ ವಿಧಿ ಬರಲಿಲ್ಲ. ಲಿಂಗಪರಿವರ್ತಿತರ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ೨೦೧೯ರ ವಿಶೇಷ ಕಾಯಿದೆ ವಿಧಿಸಿದ ಗರಿಷ್ಠ ಶಿಕ್ಷೆ ಎರಡು ವರ್ಷ. ಬಲಾತ್ಕಾರ ಮಾಡುವವನು ಕಾಂಡೋಮು ತೊಡುವನೆಂದು ಯಾರೂ ನಿರೀಕ್ಷಿಸುವುದಿಲ್ಲವಷ್ಟೆ.

ಈಚಿನ ವರ್ಷಗಳಲ್ಲಿ ಪರಿಚಯಗಳು ಉದ್ಯಾನದಿಂದ ಮೊಬೈಲಿಗೆ ಸರಿದಿವೆ. ಪೋಲೀಸಿನವನ ಲಾಠಿಯ ಭಯ ಅಷ್ಟರಮಟ್ಟಿಗೆ ಕಡಿಮೆಯಾದರೂ, ಚಿತ್ರ ತೆಗೆದು ಮನೆಯವರಿಗೆ ಕಳುಹಿಸುತ್ತೇನೆಂದು ಹಣ ಕೀಳುವವರು ಆ ಸ್ಥಾನಕ್ಕೆ ಬಂದಿದ್ದಾರೆ. ಉದ್ಯಾನದ ಕಲ್ಲುಬೆಂಚಿನಲ್ಲಿ ಕಾಂಡೋಮು ಹಂಚುತ್ತಿದ್ದ ಕಾರ್ಯಕರ್ತನಿಗೆ ಈ ಹೊಸ ಜಾಗಗಳು ಕಾಣಿಸುವುದೂ ಇಲ್ಲ. ಸ್ತ್ರೀಯರನ್ನು ಪ್ರೀತಿಸುವ ಸ್ತ್ರೀಯರೂ, ಹೆಣ್ಣಾಗಿ ಹುಟ್ಟ ಗಂಡಾಗಿ ಬಾಳುವವರೂ ಎಚ್.ಐ.ವಿ. ಯೋಜನೆಗಳ ಪಟ್ಟಿಯಲ್ಲಿ ಮೊದಲಿನಿಂದಲೂ ಇಲ್ಲ. ಅವರಿಗಿರುವ ಮುಖ್ಯ ಅಪಾಯ ಬಲವಂತದ ಮದುವೆ. ಅಲ್ಲಿ ಒಪ್ಪಿಗೆಯ ಪ್ರಶ್ನೆಯೇ ಏಳದಿರುವಾಗ ಕಾಂಡೋಮಿನ ಪ್ರಶ್ನೆ ಎಲ್ಲಿಂದ ಬರಬೇಕು?

ಕೊನೆಯದಾಗಿ ನಮ್ಮ ವಿಭಾಗದ ಕೆಲಸವನ್ನು ಕುರಿತು ಒಂದು ಮಾತು. ಇಂತಹ ಸಮೀಕ್ಷೆಗಳ ರೂಢಿಯ ಪ್ರಶ್ನೆ ‘ಕಳೆದ ಸಲದ ಸಂಪರ್ಕದಲ್ಲಿ ನೀವು ಕಾಂಡೋಮು ಬಳಸಿದಿರಾ?’ ಎಂಬುದು. ಹೌದು ಅಥವಾ ಇಲ್ಲ ಎಂಬ ಉತ್ತರ ವ್ಯಕ್ತಿಯ ಖಾತೆಗೆ ಸೇರುತ್ತದೆ. ಮುಂದಿನ ವರ್ಷದ ಪ್ರಶ್ನಾವಳಿಯಲ್ಲಿ ಈ ಪ್ರಶ್ನೆಗೆ ಮೊದಲು ಬೇರೆ ಕೆಲವನ್ನು ಸೇರಿಸುತ್ತಿದ್ದೇವೆ: ಆ ದಿನ ನೀವು ಕೂಡಿದ ಸ್ಥಳಕ್ಕೆ ಬಾಗಿಲಿತ್ತೆ? ಒಳಗಿನಿಂದ ಚಿಲಕವಿತ್ತೆ? ಆ ವಾರ ಯಾರಾದರೂ ನಿಮ್ಮ ಜೇಬನ್ನೋ ಚೀಲವನ್ನೋ ಶೋಧಿಸಿದರೆ? ಹಿಂದಿನ ರಾತ್ರಿ ಎಲ್ಲಿ ಮಲಗಿದಿರಿ? ಪ್ರಶ್ನೆಗಳನ್ನು ಇಂಗ್ಲಿಷಿನಿಂದ ತರ್ಜುಮೆ ಮಾಡದೆ, ಸಮುದಾಯದವರೊಡನೆ ಕುಳಿತು ಅವರ ಮಾತಿನಲ್ಲಿಯೇ ಬರೆಯಬೇಕೆಂದು ನಿಶ್ಚಯಿಸಲಾಗಿದೆ. ‘ಸಂಗಾತಿ’ ಎಂಬ ಪದಕ್ಕೆ ಬದಲು ಏನು ಬಳಸಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ.